ಶೇ. 40 ಮಳೆ ಅಂದರೆ ಯಾವ ನಲವತ್ತು?

2012ರ ಫೆಬ್ರವರಿ 11ರಂದು ಸಿಕ್ಸ್ ನೇಷನ್ಸ್ ರಗ್ಬಿ ಟೂರ್ನಿಯಲ್ಲಿ ಎರಡು ಪಂದ್ಯಗಳಿದ್ದವು. ರೋಮ್‌ನಲ್ಲಿ ಇಟಲಿ–ಇಂಗ್ಲೆಂಡ್, ಪ್ಯಾರಿಸ್‌ನಲ್ಲಿ ಫ್ರಾನ್ಸ್–ಐರ್ಲೆಂಡ್. ರೋಮ್‌ನಲ್ಲಿ ಹಿಮ ಸುರಿದಿತ್ತು, ಆದರೂ ಆಟ ನಡೆಯಿತು, ಇಂಗ್ಲೆಂಡ್ 19–15ರಿಂದ ಗೆದ್ದಿತು. ಪ್ಯಾರಿಸ್‌ನಲ್ಲಿ ಮಾತ್ರ, ಪ್ರೇಕ್ಷಕರು ಕ್ರೀಡಾಂಗಣದೊಳಗೆ ಬಂದು ಕೂತಾಗಿತ್ತು, ಆಟ ಶುರುವಾಗಲು ಕೆಲವೇ ನಿಮಿಷ ಬಾಕಿ ಇತ್ತು, ಆಗ ಪಂದ್ಯ ರದ್ದು ಎಂಬ ಘೋಷಣೆ ಬಂತು. ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಸಮುದ್ರ ದಾಟಿ ಬಂದಿದ್ದ ಐರ್ಲೆಂಡ್ ಅಭಿಮಾನಿಗಳು ಬಂದ ದಾರಿಗೆ ಸುಂಕವಿಲ್ಲದೆ ಮರಳಿದರು. ಪಂದ್ಯ ಮಾರ್ಚ್ 4ಕ್ಕೆ ಹೋಯಿತು. ಅದೂ 17–17ರಲ್ಲಿ ಸಮವಾಯಿತು.

ಬೇರೆ ಊರಿನ ಪಂದ್ಯಕ್ಕೆ ಹೊರಡುವ ಅಭಿಮಾನಿಗಳು ವಾರವಿಡೀ ಹವಾಮಾನದ ಬಗ್ಗೆಯೇ ಮಾತಾಡುತ್ತಾರೆ. ಸೋಮವಾರದಿಂದಲೇ ಫೋನ್ ತೆರೆದು ಶನಿವಾರದ ಚಿತ್ರ ನೋಡುತ್ತಾರೆ: ಮೋಡ, ಮೂರು ಹನಿ, ಪಕ್ಕದಲ್ಲಿ ಶೇ. 40. ಆ ಸಂಖ್ಯೆಗೆ ಒಬ್ಬೊಬ್ಬರದು ಒಂದೊಂದು ಅರ್ಥ. ಊರಿನ ನೂರರಲ್ಲಿ ನಲವತ್ತು ಭಾಗಕ್ಕೆ ಮಳೆ ಎಂದು ಒಬ್ಬರು, ದಿನದ ನಲವತ್ತು ಭಾಗ ಮಳೆ ಎಂದು ಇನ್ನೊಬ್ಬರು, ಸಣ್ಣ ಮಳೆ ಎಂದು ಮತ್ತೊಬ್ಬರು. ಮೂರೂ ತಪ್ಪು. ನೀವಿರುವ ಜಾಗದಲ್ಲಿ, ಹೇಳಿದ ಅವಧಿಯೊಳಗೆ, ಒಂದು ಗೊತ್ತಾದ ಮಿತಿಗಿಂತ ಹೆಚ್ಚು ಮಳೆ ಬೀಳುವ ಸಂಭವ ಎಷ್ಟು ಎಂಬುದಷ್ಟೇ ಅದರ ಅರ್ಥ. ಅಮೆರಿಕದ ಹವಾಮಾನ ಸೇವೆ 1965ರಿಂದ ಸಾರ್ವಜನಿಕರಿಗೆ ಈ ಶೇಕಡಾವಾರು ಕೊಡುತ್ತಿದೆ. ಅಲ್ಲಿನ ಮಿತಿ ಇಂಚಿನ ನೂರರಲ್ಲೊಂದು ಭಾಗ, ಅಂದರೆ ಸುಮಾರು ಕಾಲು ಮಿಲಿಮೀಟರ್. ಅಷ್ಟು ಮಳೆಗೆ ಅಂಗಿ ಸರಿಯಾಗಿ ತೋಯುವುದೂ ಇಲ್ಲ. ಚೆಂಡು ಜಾರುವುದಕ್ಕೆ ಮಾತ್ರ ಅಷ್ಟು ಧಾರಾಳ ಸಾಕು.

‘ಶೇ. 30 ಅಂದಿದ್ದರು, ನೋಡಿ ಸುರಿಯಿತು, ಸುಳ್ಳು ಹೇಳಿದರು’ ಎಂಬ ದೂರಂತೂ ಸಾಯುವ ಲಕ್ಷಣವೇ ಇಲ್ಲ. ಶೇ. 30 ಎಂದ ದಿನಗಳನ್ನೆಲ್ಲ ಒಟ್ಟುಹಾಕಿದಾಗ ಹತ್ತರಲ್ಲಿ ಮೂರು ದಿನ ಮಳೆ ಬಿದ್ದಿದ್ದರೆ ಆ ಮುನ್ಸೂಚನೆ ಸರಿ. ಹತ್ತಕ್ಕೆ ಹತ್ತು ದಿನವೂ ಬೀಳದಿದ್ದರೆ ಅದೇ ತಪ್ಪು! ಒಂದು ಶನಿವಾರ ಇಟ್ಟುಕೊಂಡು ಸರಿ–ತಪ್ಪು ಹೇಳುವುದು ಸಾಧ್ಯವೇ ಇಲ್ಲ. ಹೀಗೆ ಸಂಭವಗಳನ್ನು ಅಳೆದು ಅಂಕ ಕೊಡುವ ಸೂತ್ರವೊಂದನ್ನು ಅಮೆರಿಕದ ಹವಾಮಾನ ತಜ್ಞ ಗ್ಲೆನ್ ಬ್ರಯರ್ 1950ರಲ್ಲೇ ಕೊಟ್ಟರು. ಇಂದಿಗೂ ಹವಾಮಾನ ಕೇಂದ್ರಗಳು ತಮ್ಮನ್ನು ತಾವೇ ಅದರಿಂದ ತೂಗಿಕೊಳ್ಳುತ್ತವೆ.

ಇದು ಸುಲಭದ ಭಾಗ. ಹೆಚ್ಚು ಉಪಯೋಗದ ಸಂಗತಿ ಬೇರೆ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಒಂದೇ ಶೇ. 40 ಎರಡು ಬೇರೆ ಬೇರೆ ಬಗೆಯ ಅಜ್ಞಾನದಿಂದ ಹುಟ್ಟಬಹುದು. ಒಂದು ಬಗೆಯದು ಶುಕ್ರವಾರದ ಹೊತ್ತಿಗೆ ಕರಗುತ್ತದೆ. ಇನ್ನೊಂದು ಶನಿವಾರ ಬೆಳಿಗ್ಗೆಯೂ ಕರಗುವುದಿಲ್ಲ. ಇದನ್ನು ತಿಳಿಯಲು ಆ ಸಂಖ್ಯೆ ತಯಾರಾಗುವ ಬಗೆಯನ್ನು ನೋಡಬೇಕು.

ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲಿಷ್ ವಿಜ್ಞಾನಿ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದರು. ಬಿಡುವಾದಾಗ ಕಾಗದ–ಪೆನ್ಸಿಲ್ ಹಿಡಿದು, 1910ರ ಮೇ 20ರ ಹಳೆಯ ಅಳತೆಗಳಿಂದ ಆರು ಗಂಟೆಗಳ ಹವಾಮಾನವನ್ನು ಲೆಕ್ಕಹಾಕಿದರು. ಹಸ್ತಪ್ರತಿ ಯುದ್ಧದ ಗದ್ದಲದಲ್ಲಿ ಕಳೆದುಹೋಗಿ, ತಿಂಗಳುಗಳಾದ ಮೇಲೆ ಬೆಲ್ಜಿಯಂನಲ್ಲಿ ಕಲ್ಲಿದ್ದಲಿನ ರಾಶಿಯಡಿ ಸಿಕ್ಕಿತು. 1922ರಲ್ಲಿ ಅದು ಪುಸ್ತಕವಾಯಿತು. ಉತ್ತರ? ಆರು ಗಂಟೆಯಲ್ಲಿ ಗಾಳಿಯ ಒತ್ತಡ 145 ಹೆಕ್ಟೊಪಾಸ್ಕಲ್ ಬದಲಾಗುತ್ತದೆ ಎಂದು! ಆ ದಿನ ನಿಜಕ್ಕೂ ಒತ್ತಡ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಅವರ ಸಮೀಕರಣಗಳಲ್ಲಿ ದೋಷವಿರಲಿಲ್ಲ. ಲೆಕ್ಕ ಶುರುಮಾಡಿದ ಅಳತೆಗಳಲ್ಲಿ ಗಾಳಿಗೂ ಒತ್ತಡಕ್ಕೂ ಹೊಂದಿಕೆ ಇರಲಿಲ್ಲ, ಆ ಸಣ್ಣ ಹೊಂದಾಣಿಕೆಗೇಡು ಉಬ್ಬಿ ಉತ್ತರವನ್ನೇ ನುಂಗಿತು.

1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಕಂಡದ್ದು ಇನ್ನೂ ಸೂಕ್ಷ್ಮ. ಕಂಪ್ಯೂಟರಿನಲ್ಲಿ ಓಡಿಸಿದ್ದ ಪುಟ್ಟ ಹವಾಮಾನ ಮಾದರಿಯೊಂದನ್ನು ನಡುವಿನಿಂದ ಮತ್ತೆ ಓಡಿಸಲು, ಅಚ್ಚಾಗಿ ಬಂದ ಕಾಗದದಿಂದ 0.506 ಎಂಬ ಅಂಕಿ ಕೊಟ್ಟರು. ಯಂತ್ರದೊಳಗೆ ಇದ್ದದ್ದು 0.506127. ಮೊದಮೊದಲು ಎರಡೂ ಓಟ ಒಂದರ ಮೇಲೊಂದು ಕೂತವು, ಆಮೇಲೆ ದಾರಿ ಬೇರೆಯಾಗಿ ಒಂದಕ್ಕೊಂದು ಸಂಬಂಧವೇ ಇಲ್ಲದಂತಾದವು. ಚಿಟ್ಟೆ ರೆಕ್ಕೆ ಬಡಿದಷ್ಟು ಸಣ್ಣ ವ್ಯತ್ಯಾಸವೂ ಹವಾಮಾನದ ದಾರಿ ಬದಲಿಸಬಹುದು ಎಂಬ, ಇಲ್ಲಿಂದ ಹುಟ್ಟಿದ ಮಾತನ್ನು ಜನ ‘ಚಿಟ್ಟೆ ಬಿರುಗಾಳಿ ಎಬ್ಬಿಸುತ್ತದೆ’ ಎಂದು ಓದಿಕೊಂಡು ಖುಷಿಪಟ್ಟರು. ಚಿಟ್ಟೆ ಏನನ್ನೂ ಎಬ್ಬಿಸುವುದಿಲ್ಲ. ಅಷ್ಟು ಸಣ್ಣ ವ್ಯತ್ಯಾಸವನ್ನು ನಾವು ಅಳೆಯಲಾರೆವು, ಆದ್ದರಿಂದ ಒಂದೇ ಭವಿಷ್ಯವನ್ನು ಲೆಕ್ಕಹಾಕಿ ಅದನ್ನೇ ನಂಬಿ ಕೂರುವಂತಿಲ್ಲ, ಅಷ್ಟೇ.

ಹಾಗಾಗಿ ಈಗ ಹಲವು ಭವಿಷ್ಯಗಳನ್ನು ಲೆಕ್ಕಹಾಕುತ್ತಾರೆ. ಯುರೋಪಿನ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರ 1992ರಿಂದ ಇದನ್ನು ದಿನನಿತ್ಯದ ಕೆಲಸವಾಗಿಸಿಕೊಂಡಿದೆ. ಇಂದಿನ ಅಳತೆಗಳನ್ನು, ಅವುಗಳ ದೋಷದ ಮಿತಿಯೊಳಗೇ, ಐವತ್ತು ಬಗೆಯಲ್ಲಿ ಕದಲಿಸಿ, ಕದಲಿಸದ ಒಂದನ್ನೂ ಸೇರಿಸಿ ಒಟ್ಟು 51 ಸಲ ಇಡೀ ಭೂಮಿಯ ಹವಾಮಾನವನ್ನು ಓಡಿಸುತ್ತಾರೆ. ಲೆಕ್ಕಕ್ಕೆಂದು ಭೂಮಿಯನ್ನು ಚೌಕಗಳಾಗಿ ಹಂಚಿಕೊಳ್ಳುತ್ತಾರೆ, 2023ರಿಂದ ಆ ಚೌಕಗಳು ಸುಮಾರು 9 ಕಿ.ಮೀ. ಅಗಲಕ್ಕೆ ಇಳಿದಿವೆ. ಶನಿವಾರ ಮೂರು ಗಂಟೆಗೆ ಡಬ್ಲಿನ್‌ನಲ್ಲಿ ಐವತ್ತೊಂದರಲ್ಲಿ ಇಪ್ಪತ್ತು ಓಟಗಳು ಮಳೆ ತೋರಿಸಿದರೆ, ಆ ಗಂಟೆಯ ಪಕ್ಕದಲ್ಲಿ ಹೆಚ್ಚುಕಡಿಮೆ ಶೇ. 40 ಎಂದು ಬೀಳುತ್ತದೆ.

ಈಗ ಆ ಓಟಗಳ ಒಳಗೆ ಇಣುಕಿ. ಅಟ್ಲಾಂಟಿಕ್ ಕಡೆಯಿಂದ ನೂರಾರು ಕಿ.ಮೀ. ಉದ್ದದ ಒಂದು ಮಳೆಪಟ್ಟಿ ಬರುತ್ತಿದೆ ಎಂದಿಟ್ಟುಕೊಳ್ಳಿ. ಬರುವುದು ಖಚಿತ, 51 ಓಟಗಳಲ್ಲೂ ಅದು ಐರ್ಲೆಂಡನ್ನು ದಾಟುತ್ತದೆ. ಆದರೆ ಕೆಲವದರಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ, ಕೆಲವದರಲ್ಲಿ ಮೂರಕ್ಕೆ, ಕೆಲವದರಲ್ಲಿ ಸಂಜೆ ಆರಕ್ಕೆ. ಮೂರು ಗಂಟೆಯ ಪಾಲಿಗೆ ಶೇ. 40. ಇಲ್ಲಿ ಗೊತ್ತಿಲ್ಲದ್ದು ಮಳೆ ಬರುವ ಹೊತ್ತು ಮಾತ್ರ. ದಿನ ಹತ್ತಿರವಾದಂತೆ ಓಟಗಳು ಒಂದೆಡೆ ಸೇರುತ್ತವೆ, ಸಂಖ್ಯೆ 80ಕ್ಕೆ ಏರುತ್ತದೆ ಅಥವಾ 5ಕ್ಕೆ ಇಳಿಯುತ್ತದೆ.

ಇನ್ನೊಂದು ಬಗೆ, ಮಳೆಪಟ್ಟಿ ದಾಟಿಹೋದ ಮೇಲೆ ವಾಯವ್ಯದ ತಣ್ಣನೆಯ ಗಾಳಿಯಲ್ಲಿ ಏಳುವ ಬಿಡಿಮಳೆ. ಒಂದೊಂದು ಮೋಡ ಕೆಲವೇ ಕಿ.ಮೀ. ಅಗಲ, ಆಯುಸ್ಸು ಒಂದು ಗಂಟೆಯ ಆಸುಪಾಸು. ನಾಳೆ ಮೂರು ಗಂಟೆಗೆ ಮೈದಾನದ ಮೇಲೆ ಸುರಿಯಬೇಕಾದ ಮೋಡ ಇವತ್ತು ಹುಟ್ಟಿಯೇ ಇಲ್ಲ. ದೊಡ್ಡ ವ್ಯವಸ್ಥೆಗಳಲ್ಲಿ ತಪ್ಪು ಎರಡರಷ್ಟಾಗಲು ದಿನಗಳೇ ಬೇಕು, ಇಷ್ಟು ಸಣ್ಣ ಮೋಡಗಳಲ್ಲಿ ಗಂಟೆಗಳು ಸಾಕು. ಬ್ರಿಟನ್ನಿನ ಹವಾಮಾನ ಸಂಸ್ಥೆ ಮೆಟ್ ಆಫೀಸ್ ತನ್ನ ದ್ವೀಪಗಳಿಗೆಂದೇ 1.5 ಕಿ.ಮೀ. ಚೌಕಗಳ ಮಾದರಿ ಓಡಿಸುತ್ತದೆ. ಬಿಡಿಮಳೆ ಎಂಥದ್ದು, ಎಷ್ಟು ದಟ್ಟ ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ. ಯಾವ ಮೈದಾನದ ಮೇಲೆ ಎಂಬುದನ್ನು ಹೇಳುವುದಿಲ್ಲ. ಈ ಶೇ. 40 ಶನಿವಾರ ಬೆಳಿಗ್ಗೆಯೂ ಶೇ. 40 ಆಗಿಯೇ ಉಳಿಯುತ್ತದೆ.

ಎದುರಿಗಿರುವುದು ಯಾವ ಬಗೆ ಎಂದು ತಿಳಿಯಲು ಗಂಟೆಗಂಟೆಯ ಸಾಲನ್ನು ನೋಡಿ. 10, 35, 60, 40, 10 ಎಂದು ಗುಡ್ಡದಂತೆ ಏರಿಳಿದರೆ ಅದು ಮಳೆಪಟ್ಟಿ. 30, 35, 30, 30, 35 ಎಂದು ಮಧ್ಯಾಹ್ನವಿಡೀ ಸಪಾಟಾಗಿದ್ದರೆ ಬಿಡಿಮಳೆ. ಸಪಾಟು ಸಾಲಿನಲ್ಲಿ ಒಂದು ಮೋಸ ಅಡಗಿದೆ. ರೈಲ್ವೆ ನಿಲ್ದಾಣದಿಂದ ನಡೆಯುವುದು, ಸರತಿ, ಆಟ, ವಾಪಸು ಎಲ್ಲ ಸೇರಿ ನಾಲ್ಕು ಗಂಟೆ ಹೊರಗಿರುತ್ತೀರಿ, ಪ್ರತಿ ಗಂಟೆಗೂ ಶೇ. 30. ಒಟ್ಟು ಸಂಭವ 30 ಅಲ್ಲ. ಗಂಟೆಗಳು ಒಂದಕ್ಕೊಂದು ಸಂಬಂಧವಿಲ್ಲದವಾದರೆ, ನಾಲ್ಕು ಗಂಟೆಯೂ ಒಣಗಿರುವ ಸಂಭವ 0.7ನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ 0.24. ಒಮ್ಮೆಯಾದರೂ ನೆನೆಯುವ ಸಂಭವ ಶೇ. 76! ನಿಜ ಜೀವನದಲ್ಲಿ ಗಂಟೆಗಳು ಪೂರ್ತಿ ಬಿಡಿಬಿಡಿ ಅಲ್ಲ, ಹಾಗಾಗಿ ಉತ್ತರ 30 ಮತ್ತು 76ರ ನಡುವೆ ಎಲ್ಲೋ ಇರುತ್ತದೆ. ಬಿಡಿಮಳೆಯ ದಿನ ಮೇಲಿನ ತುದಿಗೆ ಹತ್ತಿರ. ಹೊರಡುವ ಮುಂಚೆ ರೇಡಾರ್ ಚಿತ್ರ ನೋಡುವುದಿದ್ದರೆ ಲೆಕ್ಕ ಸರಳ: ಪಟ್ಟಿ 75 ಕಿ.ಮೀ. ಪಶ್ಚಿಮಕ್ಕಿದ್ದು ಗಂಟೆಗೆ 50 ಕಿ.ಮೀ. ಸರಿಯುತ್ತಿದ್ದರೆ ನಿಮಗೆ ಒಂದೂವರೆ ಗಂಟೆ ಇದೆ. ಬಿಡಿಮಳೆಗೆ ಈ ಲೆಕ್ಕ ಒಂದು ಗಂಟೆಯಾಚೆ ಹಿಡಿಸುವುದಿಲ್ಲ, ಅಷ್ಟರಲ್ಲಿ ಮೋಡವೇ ಸತ್ತಿರುತ್ತದೆ.

ದೊಡ್ಡದು ಮೊದಲೇ ಗೊತ್ತಾಗುತ್ತದೆ, ಸಣ್ಣದು ಗೊತ್ತಾಗುವುದಿಲ್ಲ ಎಂಬುದಕ್ಕೆ 2019ರ ಜಪಾನ್ ವಿಶ್ವಕಪ್ ಸಾಕ್ಷಿ. ಹಗಿಬಿಸ್ ಚಂಡಮಾರುತ ಬರುತ್ತಿದೆಯೆಂದು ಅಕ್ಟೋಬರ್ 12ರ ಇಂಗ್ಲೆಂಡ್–ಫ್ರಾನ್ಸ್, ನ್ಯೂಜಿಲೆಂಡ್–ಇಟಲಿ ಪಂದ್ಯಗಳನ್ನು ಎರಡು ದಿನ ಮೊದಲೇ ರದ್ದುಮಾಡಿದರು. ಅದು ನೂರಾರು ಕಿ.ಮೀ. ಅಗಲದ ಜೀವಿ, ಅಡಗಿ ಬರಲಾರದು. ಆದರೆ 13ರ ಪಂದ್ಯಗಳ ಗತಿ ಆ ಬೆಳಿಗ್ಗೆಯವರೆಗೆ ತೀರ್ಮಾನವಾಗಲಿಲ್ಲ. ಕಮೈಶಿಯ ನಮೀಬಿಯಾ–ಕೆನಡಾ ರದ್ದಾಯಿತು, ಯೊಕೊಹಾಮಾದ ಜಪಾನ್–ಸ್ಕಾಟ್ಲೆಂಡ್ ನಡೆದು ಜಪಾನ್ 28–21ರಿಂದ ಗೆದ್ದಿತು.

ಇಷ್ಟೆಲ್ಲ ಇದ್ದೂ ಸಂತ ಸ್ವಿದಿನನ ದಿನ ಮಳೆ ಬಂದರೆ ನಲವತ್ತು ದಿನ ಮಳೆ ಎಂದು ಇಂಗ್ಲೆಂಡಿನಲ್ಲಿ ಇನ್ನೂ ಹೇಳುವವರಿದ್ದಾರೆ. ಆ ದಿನ ಜುಲೈ 15, ರಗ್ಬಿ ಅಭಿಮಾನಿಗೆ ಹೇಗೂ ರಜೆಯ ಕಾಲ. ಸಂಜೆಗೆಂಪು ಕಂಡರೆ ನಾಳೆ ಒಣದಿನ ಎಂಬ ಮಾತಿಗೆ ಮಾತ್ರ ಬುಡವಿದೆ: ಆ ಅಕ್ಷಾಂಶಗಳಲ್ಲಿ ಹವಾಮಾನ ಸಾಮಾನ್ಯವಾಗಿ ಪಶ್ಚಿಮದಿಂದ ಬರುತ್ತದೆ, ಪಶ್ಚಿಮ ತೆರೆದಿದ್ದರೆ ತಾನೇ ಮುಳುಗುವ ಸೂರ್ಯನ ಕೆಂಪು ಕಾಣುವುದು? ಮರುದಿನದಾಚೆಗೆ ಅದೂ ಮೂಕ.

ಪ್ಯಾರಿಸ್‌ನಲ್ಲಿ ಆದದ್ದನ್ನು ಈ ಯಾವ ಶೇಕಡಾವಾರೂ ಹೇಳುವುದಿಲ್ಲ, ಮಳೆಯ ಸಂಖ್ಯೆ ನೆಲದ ಬಗ್ಗೆ ಮಾತಾಡುವುದೇ ಇಲ್ಲ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯೇ ಮೈದಾನಕ್ಕೆ ಶತ್ರು. ನೆಲ ಅವಕೆಂಪು ಕಿರಣಗಳಾಗಿ ಶಾಖವನ್ನು ಆಕಾಶಕ್ಕೆ ಚೆಲ್ಲುತ್ತಲೇ ಇರುತ್ತದೆ. ಮೋಡವಿದ್ದರೆ ಬಹುಪಾಲು ಹಿಂದಿರುಗುತ್ತದೆ, ಇಲ್ಲದಿದ್ದರೆ ಚದರ ಮೀಟರಿಗೆ 70 ವಾಟ್ ಆಸುಪಾಸು ನಷ್ಟ. ಒಂದು ಚದರ ಮೀಟರ್ ಮೈದಾನದ ಮೇಲಿನ 5 ಸೆಂ.ಮೀ. ಪದರದಲ್ಲಿ ಕಾಲುಭಾಗ ನೀರಿದ್ದರೆ ಅದು ಹನ್ನೆರಡೂವರೆ ಕೆ.ಜಿ. ಒಂದು ಕೆ.ಜಿ. ನೀರು ಸೊನ್ನೆ ಡಿಗ್ರಿಯಲ್ಲಿ ಗಡ್ಡೆಯಾಗಲು 334 ಕಿಲೋಜೂಲ್ ಬಿಟ್ಟುಕೊಡಬೇಕು, ಒಟ್ಟು ಸುಮಾರು 42 ಲಕ್ಷ ಜೂಲ್. ಹನ್ನೆರಡು ಗಂಟೆಯ ರಾತ್ರಿಯಲ್ಲಿ ಹೋಗುವುದು ಸುಮಾರು 30 ಲಕ್ಷ. ಕೆಳಗಿನ ಮಣ್ಣಿನಿಂದ ಬೇರೆ ಶಾಖ ಏರಿಬರುತ್ತಿರುತ್ತದೆ. ಹಾಗಾಗಿ ಒಂದು ರಾತ್ರಿಯ ಚಳಿ ಪಂದ್ಯ ಕೆಡಿಸದು, ಸಾಲಾಗಿ ಬಂದ ರಾತ್ರಿಗಳು ಕೆಡಿಸುತ್ತವೆ. 2012ರಲ್ಲಿ ಯುರೋಪಿನ ಮೇಲೆ ಚಳಿ ಕೂತದ್ದು ಜನವರಿಯ ಕೊನೆಯಿಂದ. ಶನಿವಾರದ ಉಷ್ಣಾಂಶ ನೋಡುವ ಬದಲು ಹಿಂದಿನ ಒಂದು ವಾರದ ಕನಿಷ್ಠ ಉಷ್ಣಾಂಶಗಳನ್ನು ನೋಡಿ. ಹಗಲೂ ಸೊನ್ನೆ ದಾಟದಿದ್ದು, ಆಟ ರಾತ್ರಿ ಇದ್ದರೆ, ಮರುಪಾವತಿ ಇಲ್ಲದ ಟಿಕೆಟ್ ಕೊಳ್ಳಲು ಅವಸರ ಬೇಡ. ಫೆಬ್ರವರಿಯ ತಗ್ಗಿದ ಸೂರ್ಯ ಮೇಲಿನ ಒಂದೆರಡು ಸೆಂ.ಮೀ. ಕರಗಿಸಿ, ಕೆಳಗಿನದನ್ನು ಹಾಗೇ ಬಿಟ್ಟರೆ ಇನ್ನೂ ಅಪಾಯ: ಬೂಟಿನ ಮುಳ್ಳು ಕೆಸರಿನಲ್ಲಿ ಇಳಿದು ಗಡ್ಡೆಯ ಮೇಲೆ ಜಾರುತ್ತದೆ. ನೆಲದಡಿ ಬಿಸಿ ಮಾಡುವ ವ್ಯವಸ್ಥೆ ಇದೆಯೇ ಎಂಬುದನ್ನೂ ವಿಚಾರಿಸಿಡಿ. ಎಡಿನ್‌ಬರೋದ ಮರ್ರಿಫೀಲ್ಡ್ ಕ್ರೀಡಾಂಗಣದಲ್ಲಿ 1959ರಲ್ಲೇ ಹುಲ್ಲಿನಡಿ ವಿದ್ಯುತ್ ತಂತಿ ಹಾಸಿದ್ದರು, ಈಗ ಬಿಸಿನೀರಿನ ಕೊಳವೆಗಳಿವೆ. 2012ರಲ್ಲಿ ಪ್ಯಾರಿಸ್ ಪಂದ್ಯದ ಕ್ರೀಡಾಂಗಣವಾದ ಸ್ಟಾಡ್ ದ ಫ್ರಾನ್ಸ್‌ಗೆ ಅಂಥ ವ್ಯವಸ್ಥೆ ಇರಲಿಲ್ಲ.

ಕೊನೆಗೆ ಕುರ್ಚಿಯ ವಿಷಯ. ತಲೆಯ ಮೇಲೆ ಚಾವಣಿ ಇದೆಯೆಂದು ನಂಬಿ ತೆಳು ಜಾಕೆಟ್ ಹಾಕಿ ಹೋಗುವವರು ಗಾಳಿಯನ್ನು ಮರೆಯುತ್ತಾರೆ. ಎರಡು ಮಿ.ಮೀ. ದಪ್ಪದ ಹನಿ ಸೆಕೆಂಡಿಗೆ ಆರೂವರೆ ಮೀಟರ್ ವೇಗದಲ್ಲಿ ಬೀಳುತ್ತದೆ. ಚಾವಣಿಯ ಅಂಚು 20 ಮೀಟರ್ ಮೇಲಿದ್ದು, ಗಾಳಿ ಸೆಕೆಂಡಿಗೆ 10 ಮೀಟರ್ ಇದ್ದರೆ, ಆ ಹನಿ ನೆಲ ಮುಟ್ಟುವಷ್ಟರಲ್ಲಿ 30 ಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಅರ್ಧ ಮಿ.ಮೀ.ಯ ತುಂತುರು ಬೀಳುವುದು ಸೆಕೆಂಡಿಗೆ ಎರಡೇ ಮೀಟರ್, ಅದು 100 ಮೀಟರ್ ಸಾಗಬಲ್ಲದು. ಕ್ರೀಡಾಂಗಣದೊಳಗೆ ಗಾಳಿ ತಗ್ಗಿ ಸುಳಿಯುತ್ತದೆ, ಆದ್ದರಿಂದ ಅಷ್ಟು ದೂರ ಹೋಗದು, ಆದರೂ ಜಡಿಮಳೆಗಿಂತ ತುಂತುರೇ ಸ್ಟ್ಯಾಂಡಿನೊಳಕ್ಕೆ ಹೆಚ್ಚು ಆಳಕ್ಕೆ ನುಗ್ಗುತ್ತದೆ. ಪಡುವಣ ಗಾಳಿಯ ದಿನ ಪಶ್ಚಿಮದ ಸ್ಟ್ಯಾಂಡಿನವರು ತಮ್ಮದೇ ಚಾವಣಿಯ ಮರೆಯಲ್ಲಿ ಒಣಗಿರುತ್ತಾರೆ. ಪೂರ್ವದ ಸ್ಟ್ಯಾಂಡಿನ ಮುಂದಿನ ಸಾಲುಗಳು ತೋಯುತ್ತವೆ. ಕೊಡೆ ಒಳಗೆ ಬಿಡದ ಕ್ರೀಡಾಂಗಣಗಳು ಹಲವು, ಟೋಪಿಯಿರುವ ಮಳೆಕೋಟೇ ಗತಿ. ಮೊಣಕಾಲು ಮುಚ್ಚುವಷ್ಟು ಉದ್ದದ್ದನ್ನು ಕೊಳ್ಳಿ. ಕೂತಾಗ ಮಳೆ ಮೊದಲು ಬಡಿಯುವುದು ತೊಡೆಗೆ.