ಅಮ್ಮ ವಾಪಸ್ ಬಂದಾಗ

ಕೆಲಸಕ್ಕೆ ಹೊರಟ ಅಮ್ಮನ ಸೆರಗು ಹಿಡಿದು ಮಗು ಅಳುವುದನ್ನು ಮನೆಮಂದಿಯೆಲ್ಲ ನೋಡುತ್ತಾರೆ. ಸಂಜೆ ಅಮ್ಮ ಬಂದಾಗ ಅದು ಏನು ಮಾಡುತ್ತದೆ ಅಂತ ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಕಣ್ಣಿಟ್ಟಿದ್ದು ಮುಖ್ಯವಾಗಿ ಇದರ ಮೇಲೆ.

1954ರಲ್ಲಿ ಅವರು ಉಗಾಂಡಾಕ್ಕೆ ಹೋದರು. ಕಂಪಾಲಾ ಸುತ್ತಲಿನ ಹಳ್ಳಿಗಳಲ್ಲಿ 26 ಮನೆಗಳಿಗೆ ಮತ್ತೆ ಮತ್ತೆ ಹೋಗಿ, ಅಮ್ಮಂದಿರ ಜೊತೆ ಮಾತಾಡುತ್ತಾ ಮಕ್ಕಳನ್ನು ನೋಡಿದರು. ಅಮ್ಮ ಎದ್ದು ಹೋದರೆ ಅಲ್ಲಿ ಅಳುವೋ ಅಳು. ಆಮೇಲೆ ಅಮೆರಿಕದ ಬಾಲ್ಟಿಮೋರ್‌ನ ಮನೆಗಳಲ್ಲಿ ನೋಡಿದರೆ ಅಷ್ಟು ಅಳುವಿಲ್ಲ. ಅಮ್ಮ ಆ ಕೋಣೆ ಈ ಕೋಣೆ ಓಡಾಡುವುದು ಆ ಮಕ್ಕಳಿಗೆ ರೂಢಿ. ಹಾಗಾಗಿ ಮಗುವಿಗೆ ಗುರುತೇ ಇಲ್ಲದ ಒಂದು ಕೋಣೆ ಬೇಕಾಯಿತು.

ಕೋಣೆ ತುಂಬ ಆಟಿಕೆ. ಒಳಗೆ ವರ್ಷದ ಮಗು, ಅಮ್ಮ, ಗುರುತಿಲ್ಲದ ಒಬ್ಬ ಹೆಂಗಸು. ಸುಮಾರು 20 ನಿಮಿಷದಲ್ಲಿ ಅಮ್ಮ ಎರಡು ಸಲ ಹೊರಗೆ ಹೋಗಿ ಬರುತ್ತಾಳೆ. ಹೆಚ್ಚಿನ ಮಕ್ಕಳು ಅಮ್ಮ ಬಂದ ಕೂಡಲೇ ಹತ್ತಿರ ಹೋಗಿ, ಸಮಾಧಾನವಾಗಿ, ಮತ್ತೆ ಆಟಕ್ಕಿಳಿದವು. ಕೆಲವು ಎತ್ತಿಕೋ ಅಂತ ಕೈಚಾಚಿ, ಎತ್ತಿಕೊಂಡರೆ ಒದ್ದಾಡಿದವು. ಇನ್ನು ಕೆಲವು ಅಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

ಈ ಕೊನೆಯ ಮಗುವನ್ನು ನಾವಾದರೆ ‘ಎಷ್ಟು ಜಾಣ, ಹಠವೇ ಇಲ್ಲ’ ಅಂತ ಹೊಗಳುತ್ತೇವೆ, ಅಲ್ವಾ? ಆದರೆ 1970ರ ದಶಕದಲ್ಲಿ ಇಂಥ ಮಕ್ಕಳ ಎದೆಬಡಿತ ಅಳೆದಾಗ ಬೇರೆಯೇ ಕಂಡಿತು. ಮುಖ ತಣ್ಣಗಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ಈ ಮಕ್ಕಳ ಮನೆಗಳಲ್ಲಿ ಐನ್ಸ್‌ವರ್ತ್ ಕಂಡಿದ್ದೂ ಅದಕ್ಕೆ ಹೊಂದುತ್ತದೆ. ಮಗು ಮೈಗೆ ಅಂಟಿಕೊಳ್ಳಲು ಬಂದಾಗ ಆ ಅಮ್ಮಂದಿರು ದೂರ ಸರಿಸುವುದು ಜಾಸ್ತಿ. ಕೇಳಿದರೆ ಸಿಗುವುದಿಲ್ಲ ಅಂತಾದಾಗ, ಕೇಳದೇ ಇರುವುದನ್ನು ಮಗು ಕಲಿಯುತ್ತದೆ.

ಎಳೆ ಮಗುವಿಗೆ ತನ್ನ ಗಾಬರಿಯನ್ನು ತಾನೇ ಇಳಿಸಿಕೊಳ್ಳಲು ಬರುವುದಿಲ್ಲ. ಎತ್ತಿಕೊಂಡವರ ಮೈಬಿಸಿ, ದನಿ, ತೂಗಾಟವೇ ಅದಕ್ಕೆ ಆಸರೆ. ದಿನಕ್ಕೆ ಹತ್ತಾರು ಸಲ ಹೀಗಾದ ಮೇಲೆ ನಿಧಾನಕ್ಕೆ ಅದು ತಾನೂ ಕಲಿಯುತ್ತದೆ. ‘ಅತ್ತಾಗಲೆಲ್ಲ ಎತ್ತಿಕೊಂಡು ರೂಢಿ ಮಾಡಬೇಡ’ ಎನ್ನುವ ಹಿರಿಯರ ಮಾತು ಇಲ್ಲಿ ಎಡವುತ್ತದೆ. 1972ರಲ್ಲಿ ಐನ್ಸ್‌ವರ್ತ್ ಮತ್ತು ಸಿಲ್ವಿಯಾ ಬೆಲ್ ಹೇಳಿದ್ದು ಇದಕ್ಕೆ ತದ್ವಿರುದ್ಧ: ಮೊದಲ ತಿಂಗಳುಗಳಲ್ಲಿ ಅಳುವಿಗೆ ಬೇಗ ಓಗೊಟ್ಟರೆ ವರ್ಷದ ಹೊತ್ತಿಗೆ ಅಳು ಕಡಿಮೆ. ಈ ಲೆಕ್ಕಕ್ಕೆ ಬೇರೆ ವಿಜ್ಞಾನಿಗಳು ತಕರಾರು ತೆಗೆದದ್ದೂ ಉಂಟು.

ಕೋಣೆಯ ಪರೀಕ್ಷೆಯನ್ನೂ ಎಲ್ಲ ಊರಿಗೂ ಹಾಗೇ ಒಯ್ಯಲಾಗದು. ಅಮ್ಮನನ್ನು ಬಿಟ್ಟಿದ್ದೇ ಗೊತ್ತಿಲ್ಲದ ಜಪಾನಿನ ಮಕ್ಕಳು ಅದರಲ್ಲಿ ವಿಪರೀತ ಅತ್ತಿದ್ದವು. ಇನ್ನು ಅಪ್ಪ, ಅಜ್ಜಿ, ಅಕ್ಕಂದಿರಿಗೂ ಅಂಟಿಕೊಂಡ ಮಕ್ಕಳನ್ನು ಐನ್ಸ್‌ವರ್ತ್ ಉಗಾಂಡಾದಲ್ಲೇ ಕಂಡಿದ್ದರು. ಬಾಲ್ಟಿಮೋರ್‌ನ ಕೋಣೆಗೆ ಮಾತ್ರ ಬಂದವರು ಅಮ್ಮಂದಿರೇ.