ನೂರು ಸಲ ಕೊಂದರೂ ಕವಚ ಬೀಳದಿದ್ದಾಗ

'ಎಲ್ಡನ್ ರಿಂಗ್' ಎಂಬ ಫ್ಯಾಂಟಸಿ ವಿಡಿಯೊ ಗೇಮಿನ ಡಿಎಲ್‌ಸಿ (ಮೂಲ ಆಟಕ್ಕೆ ಬೇರೆಯಾಗಿ ಕೊಂಡು ಸೇರಿಸಿಕೊಳ್ಳುವ ಹೊಸ ಭಾಗ) 'ಶ್ಯಾಡೋ ಆಫ್ ದಿ ಎರ್ಡ್‌ಟ್ರೀ' 2024ರ ಜೂನ್ 21ರಂದು ಬಂತು. ಮೊದಲ ಮೂರು ದಿನಗಳಲ್ಲೇ 50 ಲಕ್ಷ ಪ್ರತಿ ಮಾರಾಟವಾಯಿತು. ಮೂಲ ಆಟದಲ್ಲಿ ರಡಾನ್ ಮತ್ತು ಮೋಗ್ ಎಂಬ ಇಬ್ಬರು ಬಾಸ್‌ಗಳನ್ನು, ಅಂದರೆ ಬಲಾಢ್ಯ ಶತ್ರುಗಳನ್ನು, ಮಣಿಸದೆ ಈ ಹೊಸ ನಾಡಿನೊಳಗೆ ಕಾಲಿಡಲಾಗದು. ಹಾಗಾಗಿ ಅಲ್ಲಿಗೆ ಹೋದವರೆಲ್ಲ ಪಳಗಿದ ಆಟಗಾರರೇ. ಆದರೆ ಪಳಗಿದವರ ಬಾಯಲ್ಲೂ ಒಂದು ಮಾತು ತಪ್ಪುವುದಿಲ್ಲ: 'ಈ ಡಿಎಲ್‌ಸಿಯಲ್ಲಿ ಡ್ರಾಪ್ ರೇಟ್ (ಸತ್ತ ಶತ್ರುವಿನಿಂದ ವಸ್ತು ಬೀಳುವ ದರ) ಗುಟ್ಟಾಗಿ ಇಳಿಸಿದ್ದಾರೆ. ಮೆಸ್ಮರ್‌ನ ಸೈನಿಕರನ್ನು ನೂರು ಸಲ ಕೊಂದೆ, ಆ ಕವಚ ಒಮ್ಮೆಯೂ ಬೀಳಲಿಲ್ಲ.'

ಇದರ ಬೆನ್ನಿಗೇ ಸಲಹೆಗಳು ಬರುತ್ತವೆ. ಗೇಮ್ ಮುಚ್ಚಿ ಮತ್ತೆ ತೆರೆ. ಬೇರೆ ಗ್ರೇಸ್‌ನಲ್ಲಿ, ಅಂದರೆ ಆಟದೊಳಗಿನ ತಂಗುದಾಣದಲ್ಲಿ, ಕೂತು ಎದ್ದು ಬಾ. ಕೊನೆಯ ಏಟು ಕತ್ತಿಯಿಂದಲೇ ಇರಲಿ, ಮಂತ್ರದಿಂದ ಬೇಡ. ಇಂಥದ್ದನ್ನು ಕೇಳಿದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ. ಗಣಿತವೇ ಮೈಯೆಲ್ಲ ಆಗಿರುವ ಒಂದು ಯಂತ್ರದ ಮುಂದೆ ಕೂತು ಶಕುನ ಹುಡುಕುವುದು ನೋಡಿಕೊಂಡು ಸುಮ್ಮನಿರುವಂಥ ವಿಷಯವಲ್ಲ.

ಮೊದಲು ಆ 'ನೂರು ಸಲ'ವನ್ನೇ ಲೆಕ್ಕ ಹಾಕೋಣ. ಒಬ್ಬ ಸೈನಿಕ ಸತ್ತಾಗ ಕವಚ ಬೀಳುವ ಸಂಭಾವ್ಯತೆ ಶೇ. 4 ಎಂದು ಇಟ್ಟುಕೊಳ್ಳಿ. ನೂರಕ್ಕೆ ನಾಲ್ಕು, ಅಂದರೆ 25 ಜನರನ್ನು ಕೊಂದರೆ ಒಂದು ಖಚಿತ ಎಂದು ಮನಸ್ಸು ಹೇಳುತ್ತದೆ. ಅದು ತಪ್ಪು. ಪ್ರತಿ ಸಲವೂ ಬೀಳದಿರುವ ಸಂಭಾವ್ಯತೆ 0.96. ಅದನ್ನು 25 ಸಲ ಅದರಿಂದಲೇ ಗುಣಿಸಿದರೆ 0.36 ಸಿಗುತ್ತದೆ. ನೂರು ಆಟಗಾರರಲ್ಲಿ 36 ಮಂದಿ 25 ಸೈನಿಕರನ್ನು ಕೊಂದ ಮೇಲೂ ಬರಿಗೈಯಲ್ಲೇ ಇರುತ್ತಾರೆ. 50ರ ನಂತರವೂ 13 ಮಂದಿ. ನೂರು ದಾಟಿದ ಮೇಲೂ ಇಬ್ಬರ ಹತ್ತಿರ ಹತ್ತಿರ.

ಆ ಇಬ್ಬರನ್ನು ಈಗ ಹಿಗ್ಗಿಸಿ. ಹತ್ತು ಲಕ್ಷ ಜನ ಅದೇ ಕವಚದ ಹಿಂದೆ ಬಿದ್ದಿದ್ದಾರೆಂದರೆ, ನೂರು ಸಲ ಕೊಂದೂ ಏನೂ ಸಿಗದವರು ಸುಮಾರು 16,900 ಮಂದಿ. ಇನ್ನೂರು ಸಲ ಕೊಂದೂ ಸಿಗದವರು 285. ಇವರಿಗೆ ಯಾರೂ ಮೋಸ ಮಾಡಿಲ್ಲ. ಶೇ. 4 ಎಂಬ ಸಂಖ್ಯೆ ತನ್ನ ಮಾತಿಗೆ ನಿಂತರೆ ಇಷ್ಟು ಜನ ಹೀಗೆ ಉಳಿಯಲೇಬೇಕು. ಒಬ್ಬರೂ ಉಳಿಯದಿದ್ದರೆ ಆಗ ಅನುಮಾನಪಡಬೇಕು. ಎರಡನೇ ಸೈನಿಕನಿಂದಲೇ ಕವಚ ಸಿಕ್ಕವನು ಅದನ್ನು ತೊಟ್ಟು ಮುಂದೆ ಹೋಗುತ್ತಾನೆ, ಅದೊಂದು ಸುದ್ದಿ ಎಂದು ಅವನಿಗೆ ಅನಿಸುವುದಿಲ್ಲ. ಬಾಯಿಬಿಡುವವರು ಆ ಸುಮಾರು ಹದಿನೇಳು ಸಾವಿರ ಮಂದಿ. ನಮ್ಮ ಕಿವಿಗೆ ಬೀಳುವುದು ಅವರ ಕತೆ ಮಾತ್ರ, ಹಾಗಾಗಿ ಇಡೀ ಆಟವೇ ಹೀಗೆ ಎಂದು ತೋರುತ್ತದೆ.

ಎರಡನೇ ಮಹಾಯುದ್ಧದ ಕೊನೆಯಲ್ಲಿ ಲಂಡನ್ ಮೇಲೆ ಜರ್ಮನಿಯ ವಿ-1 ಹಾರುಬಾಂಬುಗಳು ಬೀಳುತ್ತಿದ್ದವು. ಕೆಲವು ಕಡೆ ಮೇಲಿಂದ ಮೇಲೆ, ಕೆಲವು ಕಡೆ ಒಂದೂ ಇಲ್ಲ. ಶತ್ರು ಗುರಿಯಿಟ್ಟೇ ಹೊಡೆಯುತ್ತಿದ್ದಾನೆ ಎಂದು ಜನ ನಂಬಿದ್ದರು. ಆರ್. ಡಿ. ಕ್ಲಾರ್ಕ್ ಎಂಬ ವಿಮಾ ಗಣಿತಜ್ಞ ದಕ್ಷಿಣ ಲಂಡನ್ನಿನ 144 ಚದರ ಕಿಲೋಮೀಟರ್ ಪ್ರದೇಶವನ್ನು 576 ಸಮ ಚೌಕಗಳಾಗಿ ಮಾಡಿ, ಯಾವುದರಲ್ಲಿ ಎಷ್ಟು ಬಿದ್ದಿವೆ ಎಂದು ಎಣಿಸಿದ. ಒಟ್ಟು 537 ಬಾಂಬು. ಬರೀ ಅದೃಷ್ಟದಾಟವಾಗಿದ್ದರೆ ಸುಮಾರು 227 ಚೌಕಗಳು ಖಾಲಿ ಇರಬೇಕಿತ್ತು, ಇದ್ದದ್ದು 229. ಒಂದೊಂದೇ ಬಿದ್ದ ಚೌಕಗಳು 211 ಇರಬೇಕಿತ್ತು, ಇದ್ದದ್ದೂ 211. ನಾಲ್ಕು ಬಿದ್ದ ಚೌಕಗಳು 7 ಇರಬೇಕಿತ್ತು, 7 ಇದ್ದವು. 1946ರಲ್ಲಿ ಪ್ರಕಟವಾದ ಈ ಪುಟ್ಟ ಲೆಕ್ಕ ನನಗೆ ಇಪ್ಪತ್ತನೇ ಶತಮಾನದ ಅತ್ಯಂತ ಸುಂದರ ಲೆಕ್ಕಗಳಲ್ಲಿ ಒಂದು. ಗುರಿಯೇ ಇಲ್ಲದೆ ಬಿದ್ದದ್ದು ಸಮನಾಗಿ ಹರಡುವುದಿಲ್ಲ, ಗುಂಪುಗುಂಪಾಗಿ ಬೀಳುತ್ತದೆ. ಆ ಗುಂಪುಗಳಲ್ಲಿ ನಾವು ಒಬ್ಬ ಶತ್ರುವಿನ ಮುಖ ಕಾಣುತ್ತೇವೆ.

ಶಕುನ ಹುಟ್ಟುವ ಬಗೆಯನ್ನು ಬಿ. ಎಫ್. ಸ್ಕಿನ್ನರ್ ಎಂಬ ಮನೋವಿಜ್ಞಾನಿ 1948ರಲ್ಲಿ ಪಾರಿವಾಳಗಳಲ್ಲಿ ತೋರಿಸಿದ. ಹಸಿದ ಎಂಟು ಪಾರಿವಾಳಗಳು, ಪ್ರತಿಯೊಂದಕ್ಕೂ ಒಂದು ಪೆಟ್ಟಿಗೆ. ಹಕ್ಕಿ ಏನೇ ಮಾಡಲಿ ಬಿಡಲಿ, ನಿಗದಿತ ಸಮಯಕ್ಕೊಮ್ಮೆ ಕಾಳು ಬರುತ್ತಿತ್ತು. ಕೆಲ ಹೊತ್ತಿನಲ್ಲೇ ಒಂದು ಹಕ್ಕಿ ಎಡಕ್ಕೆ ಸುತ್ತತೊಡಗಿತು, ಇನ್ನೊಂದು ಪೆಟ್ಟಿಗೆಯ ಮೂಲೆಗೆ ತಲೆ ಚಾಚತೊಡಗಿತು. ಎಂಟರಲ್ಲಿ ಆರು ಹೀಗೆ ತಮ್ಮದೇ ವಿಧಿ ಕಟ್ಟಿಕೊಂಡವು. ಈ ಪ್ರಯೋಗವನ್ನು ಬೇರೆಯಾಗಿ ಅರ್ಥೈಸಿದವರು ಮುಂದೆ ಬಂದಿದ್ದಾರೆ, ಆ ಚರ್ಚೆ ಇಲ್ಲಿ ಬೇಡ. ಚೌಕಾಬಾರದಲ್ಲಿ ಕವಡೆಯನ್ನು ಮುಷ್ಟಿಯಲ್ಲಿ ಹಿಡಿದು ಊದಿ ಹಾಕುವವರ, ಗೇಮ್ ಮುಚ್ಚಿ ಮತ್ತೆ ತೆರೆಯುವವರ ನಂಬಿಕೆಯೂ ಇದೇ ಜಾತಿಯದು. ಕವಡೆಗೆ ಹಿಂದಿನ ಗರ ನೆನಪಿರುವುದಿಲ್ಲ, ಉಸಿರೂ ಗೊತ್ತಾಗುವುದಿಲ್ಲ.

ಆದರೆ ಕಂಪ್ಯೂಟರ್ ಕವಡೆಯಲ್ಲ. ಅದಕ್ಕೆ ಹಿಂದಿನ ಗರ ನೆನಪಿರುತ್ತದೆ. ಆಟಗಾರರು ಆರ್‌ಎನ್‌ಜಿ (ಗೊತ್ತುಗುರಿಯಿಲ್ಲದಂತೆ ಕಾಣುವ ಸಂಖ್ಯೆಗಳನ್ನು ಹುಟ್ಟಿಸುವ ಲೆಕ್ಕ) ಎಂದು ಬೈಯುವ ಯಂತ್ರದ ಒಳಗಿನ ಸೊಗಸೆಲ್ಲ ಇರುವುದು ಇಲ್ಲೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು.

ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. 7 ಬರೆಯಿರಿ. ಅದನ್ನು 5ರಿಂದ ಗುಣಿಸಿ, 3 ಕೂಡಿಸಿ, 16ರಿಂದ ಭಾಗಿಸಿ, ಶೇಷವನ್ನು ಇಟ್ಟುಕೊಳ್ಳಿ. 38ರಲ್ಲಿ ಶೇಷ 6. ಆರಕ್ಕೂ ಅದನ್ನೇ ಮಾಡಿ, 33ರಲ್ಲಿ ಶೇಷ 1. ಹೀಗೇ ಮುಂದುವರಿದರೆ 7, 6, 1, 8, 11, 10, 5, 12, 15, 14, 9, 0, 3, 2, 13, 4 ಬಂದು ಮತ್ತೆ 7ಕ್ಕೆ ಮರಳುತ್ತದೆ. ಸೊನ್ನೆಯಿಂದ ಹದಿನೈದರವರೆಗಿನ ಪ್ರತಿ ಸಂಖ್ಯೆಯೂ ಒಂದೇ ಒಂದು ಸಲ, ಆದರೆ ದಾಳ ಉರುಳಿಸಿದಷ್ಟೇ ಅಸ್ತವ್ಯಸ್ತವಾಗಿ. ಡಿ. ಎಚ್. ಲೆಹ್ಮರ್ ಎಂಬ ಗಣಿತಜ್ಞ 1949ರಲ್ಲಿ ಮುಂದಿಟ್ಟ ಉಪಾಯದ ಮರಿ ಇದು. ಈಗ ಆ ಸಾಲನ್ನು ಇನ್ನೊಮ್ಮೆ ನೋಡಿ: ಬೆಸ, ಸಮ, ಬೆಸ, ಸಮ. ಒಮ್ಮೆಯೂ ತಪ್ಪಿಲ್ಲ! ಈ ಸಾಲಿನಿಂದ ನಾಣ್ಯ ಚಿಮ್ಮಲು ಹೋಗಿ ಬೆಸ ಬಂದರೆ ರಾಜ, ಸಮ ಬಂದರೆ ರಾಣಿ ಎಂದುಕೊಂಡಿರೋ, ಒಂದಾದ ಮೇಲೆ ಒಂದು ಗಡಿಯಾರದಂತೆ ಬರುತ್ತವೆ. ಸಂಖ್ಯೆಯ ಕೆಳಗಿನ ತುದಿಯಲ್ಲಿ, ಅಂದರೆ ಬಿಡಿ ಅಂಕಿಯ ಕಡೆ, ಆಟ ಬಯಲಾಗುತ್ತದೆ, ಮೇಲಿನ ತುದಿಯಲ್ಲಿ ಗುಟ್ಟು ಉಳಿಯುತ್ತದೆ.

'ಪೋಕೆಮಾನ್ ಎಮರಾಲ್ಡ್' ಎಂಬ 2004ರ ಗೇಮ್ ಬಳಸಿದ್ದು ಇದೇ ಯಂತ್ರವನ್ನು, ದೊಡ್ಡ ಸಂಖ್ಯೆಗಳೊಂದಿಗೆ. ಅಲ್ಲಿ ಗುಣಕ 1,10,35,15,245, ಕೂಡಿಸುವುದು 24,691, ಭಾಜಕ 4,29,49,67,296. ಕೆಳತುದಿಯ ದೋಷ ಗೊತ್ತಿದ್ದರಿಂದ ಪ್ರತಿ ಸಂಖ್ಯೆಯ ಮೇಲಿನ ಅರ್ಧವನ್ನಷ್ಟೇ ಅದು ಉಪಯೋಗಿಸುತ್ತದೆ. ಇಷ್ಟೆಲ್ಲ ಎಚ್ಚರ ವಹಿಸಿ ಒಂದು ಕಡೆ ಮಾತ್ರ ಎಡವಿತು: ಸಾಲು ಎಲ್ಲಿಂದ ಶುರುವಾಗಬೇಕೆಂಬ ಬೀಜಸಂಖ್ಯೆ ಪ್ರತಿ ಸಲ ಆನ್ ಮಾಡಿದಾಗಲೂ ಸೊನ್ನೆಯೇ. ಅಲ್ಲಿಂದ ಸೆಕೆಂಡಿಗೆ ಸುಮಾರು 60 ಹೆಜ್ಜೆ. ಹಾಗಾಗಿ ಆನ್ ಮಾಡಿದ ಇಷ್ಟನೇ ಕ್ಷಣಕ್ಕೆ ಗುಂಡಿ ಒತ್ತಿದರೆ ಇಂಥದೇ ಜೀವಿ ಸಿಗುತ್ತದೆ ಎಂದು ಮೊದಲೇ ಲೆಕ್ಕ ಹಾಕಬಹುದು. 8,192ರಲ್ಲಿ ಒಂದು ಸಲ ಮಾತ್ರ ಕಾಣಬೇಕಾದ ಹೊಳೆಯುವ ಬಣ್ಣದ ಪೋಕೆಮಾನ್‌ಗಳನ್ನು ಆಟಗಾರರು ಟೈಮರ್ ಇಟ್ಟುಕೊಂಡು ಹಿಡಿಯತೊಡಗಿದರು. ಗೇಮ್ ಮುಚ್ಚಿ ತೆರೆಯುವುದು ಇಲ್ಲಿ ನಿಜಕ್ಕೂ ಫಲ ಕೊಡುವ ವಿಧಿ. ಯಾಕೆ ಫಲ ಕೊಡುತ್ತದೆ, ಯಾವ ಕ್ಷಣಕ್ಕೆ ಕೊಡುತ್ತದೆ ಎಂದು ಮೊದಲೇ ಹೇಳಿ ತೋರಿಸಬಲ್ಲರು ಅವರು. ಕತ್ತಿಯಿಂದಲೇ ಕೊನೆಯ ಏಟು ಕೊಡು ಎನ್ನುವವರು ಅದನ್ನು ಹೇಳಲಾರರು.

ನಳನ ಕತೆಯಲ್ಲಿ ಇದರ ಹಳೆಯ ನೆರಳಿದೆ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ ಬಾಹುಕನೆಂಬ ವೇಷದಲ್ಲಿ ಋತುಪರ್ಣನ ಸಾರಥಿಯಾಗಿರುತ್ತಾನೆ. ದಾರಿಯಲ್ಲಿ ಒಂದು ತಾರೆಮರ. ರಾಜ ಅದನ್ನೊಮ್ಮೆ ನೋಡಿ ಎಲೆ ಇಷ್ಟು, ಕಾಯಿ ಇಷ್ಟು ಎನ್ನುತ್ತಾನೆ. ನಳ ನಂಬದೆ ರಥ ನಿಲ್ಲಿಸಿ ಎಣಿಸುತ್ತಾನೆ, ಲೆಕ್ಕ ಸರಿಯಾಗಿರುತ್ತದೆ. ಕುದುರೆಯ ವಿದ್ಯೆಯನ್ನು ಕೊಟ್ಟು ರಾಜನಿಂದ ಅಕ್ಷಹೃದಯವನ್ನು, ಅಂದರೆ ದಾಳದ ಗುಟ್ಟಿನ ವಿದ್ಯೆಯನ್ನು, ಕಲಿಯುತ್ತಾನೆ. ಮರ ತಾರೆಯದೇ ಆಗಿರುವುದು ಸುಮ್ಮನೆ ಅಲ್ಲ, ಆ ಕಾಲದ ಜೂಜಿನಲ್ಲಿ ದಾಳವಾಗಿ ಎರಚುತ್ತಿದ್ದದ್ದು ಅದರ ಕಾಯಿಗಳನ್ನೇ. ಋಗ್ವೇದದ ಹತ್ತನೇ ಮಂಡಲದಲ್ಲಿ ಅಳುವ ಜೂಜುಗಾರನೂ ಇದೇ ಕಾಯಿಗಳನ್ನು ಶಪಿಸುತ್ತಾನೆ. ಅವನು ಬೈಯುತ್ತಾನೆ, ಋತುಪರ್ಣ ಎಣಿಸುತ್ತಾನೆ. ಯುರೋಪಿನಲ್ಲಿ ಪಾಸ್ಕಲ್ ಮತ್ತು ಫರ್ಮಾ 1654ರಲ್ಲಿ ಪತ್ರ ಬರೆದುಕೊಂಡು ಸಂಭಾವ್ಯತೆಯ ಗಣಿತಕ್ಕೆ ಅಡಿಪಾಯ ಹಾಕಿದ್ದೂ ಜೂಜಿನ ಲೆಕ್ಕ ಬಿಡಿಸುವಾಗಲೇ.

ಗೇಮ್ ತಯಾರಕರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಅದಕ್ಕೇ ಕೆಲವರು ನಮಗೆ ಸುಳ್ಳು ಹೇಳುತ್ತಾರೆ. 'ಫೈರ್ ಎಂಬ್ಲೆಮ್' ಸರಣಿಯಲ್ಲಿ 2002ರ ಕಂತಿನಿಂದ ಶುರುವಾಗಿ ಹಲವು ಕಂತುಗಳು ಏಟು ತಾಗುವುದೇ ಎಂದು ನೋಡಲು ಒಂದರ ಬದಲು ಎರಡು ಯಾದೃಚ್ಛಿಕ ಸಂಖ್ಯೆ ಎತ್ತಿ ಸರಾಸರಿ ತೆಗೆಯುತ್ತವೆ. ಪರದೆಯ ಮೇಲೆ ಶೇ. 90 ಎಂದಿದ್ದರೆ ನಿಜದಲ್ಲಿ ಅದು ಶೇ. 98.1. ಶೇ. 10 ಎಂದಿದ್ದರೆ ಶೇ. 2.1. ತೊಂಬತ್ತು ಎಂದರೆ 'ತಾಗಿಯೇ ತಾಗುತ್ತದೆ' ಎಂದು ನಮ್ಮ ಮನಸ್ಸು ಓದಿಕೊಳ್ಳುತ್ತದೆ, ಗೇಮ್ ಆ ಓದಿಗೆ ತಕ್ಕಂತೆ ಬಗ್ಗುತ್ತದೆ. 2023ರ 'ಬಾಲ್ಡರ್ಸ್ ಗೇಟ್ 3'ರಲ್ಲಿ 'ಕಾರ್ಮಿಕ್ ಡೈಸ್' ಎಂಬ ಆಯ್ಕೆ ಮೊದಲಿಂದಲೇ ಆನ್ ಆಗಿರುತ್ತದೆ. ಸಾಲುಸಾಲು ಸೋಲು ಬಾರದಂತೆ ಇಪ್ಪತ್ತು ಮುಖದ ದಾಳವನ್ನು ಅದು ಮೆಲ್ಲನೆ ಒಲಿಸುತ್ತದೆ. ಅದನ್ನು ಆಫ್ ಮಾಡಿದರೆ ಸಿಗುವುದು ಪ್ರಾಮಾಣಿಕ ದಾಳ. ಪ್ರಾಮಾಣಿಕ ದಾಳವೇ ಕ್ರೂರ ಎನಿಸುವಷ್ಟು ನಮ್ಮ ಅಂದಾಜು ಕೆಟ್ಟಿದೆ.

ನನ್ನ ಆತಂಕ ಇಲ್ಲಿದೆ. ಫ್ಯಾಂಟಸಿ ಗೇಮೇ ಆದ 'ಗೆನ್ಶಿನ್ ಇಂಪ್ಯಾಕ್ಟ್'ನಲ್ಲಿ ಹಣ ಕೊಟ್ಟು ಎತ್ತುವ ಚೀಟಿಗಳಲ್ಲಿ ಐದು ನಕ್ಷತ್ರದ ಪಾತ್ರ ಬರುವ ಮೂಲ ದರ ಶೇ. 0.6. ಆದರೆ 89 ಸಲ ಬಾರದಿದ್ದರೆ 90ನೆಯದಕ್ಕೆ ಖಂಡಿತ ಬರುತ್ತದೆ. ಅಲ್ಲಿ 'ಇಷ್ಟು ಸಲ ಸೋತಿದ್ದೇನೆ, ಇನ್ನು ನನ್ನ ಸರದಿ' ಎಂಬ ನಂಬಿಕೆ ಅಕ್ಷರಶಃ ನಿಜ, ಏಕೆಂದರೆ ಸೋಲುಗಳನ್ನು ಎಣಿಸಿಡಲಾಗುತ್ತಿದೆ. ಹದಿನಾಲ್ಕು ವರ್ಷದ ಹುಡುಗ ಇದನ್ನು ರೂಢಿಸಿಕೊಂಡು ನಾಳೆ ಲಾಟರಿಯ ಮುಂದೆ, ಬೆಟ್ಟಿಂಗ್ ಆ್ಯಪಿನ ಮುಂದೆ ನಿಂತರೆ ಅಲ್ಲಿ ಯಾರೂ ಅವನ ಸೋಲು ಎಣಿಸುವುದಿಲ್ಲ. ಹಣ ಕೊಟ್ಟು ತೆರೆಯುವ ಅದೃಷ್ಟದ ಪೆಟ್ಟಿಗೆಗಳನ್ನು ಬೆಲ್ಜಿಯಂ 2018ರಲ್ಲೇ ಜೂಜು ಎಂದು ಪರಿಗಣಿಸಿತು. ಡಿಎಲ್‌ಸಿಯ ಬೆಲೆ ಜಾಸ್ತಿಯಾಯಿತು ಎಂದು ಗೊಣಗುವವರಿಗೆ ನಾನು ಹೇಳುವುದು ಇಷ್ಟೇ: ಬೆಲೆ ಮೊದಲೇ ಗೊತ್ತು, ಸಿಗುವುದೇನೆಂದೂ ಗೊತ್ತು. ಅಷ್ಟರಮಟ್ಟಿಗೆ ಅದು ನೇರ ವ್ಯಾಪಾರ.

ಮತ್ತೆ ಮೆಸ್ಮರ್‌ನ ಸೈನಿಕರತ್ತ ಬರೋಣ. ಕತ್ತಿಯ ಏಟಿನಿಂದ ದರ 4ರಿಂದ 5ಕ್ಕೆ ಏರುತ್ತದೆ ಎಂದು ಯಾರಾದರೂ ವಾದಿಸಿದರೆ ಪರೀಕ್ಷಿಸಬಹುದು. ಆದರೆ ನೂರು ಸಲ ಕೊಂದು ನೋಡಿದರೆ ಏನೂ ತಿಳಿಯದು. ಶೇ. 4ರ ದರದಲ್ಲಿ ನೂರಕ್ಕೆ ಒಂದು ಬಿದ್ದರೂ ಎಂಟು ಬಿದ್ದರೂ ಸಹಜವೇ. ಇಷ್ಟು ಸಣ್ಣ ವ್ಯತ್ಯಾಸವನ್ನು ನೆಚ್ಚಿಕೊಳ್ಳುವಷ್ಟು ಸ್ಪಷ್ಟವಾಗಿ ಕಾಣಲು ಕತ್ತಿಯಿಂದ ಸುಮಾರು 7,000, ಮಂತ್ರದಿಂದ ಸುಮಾರು 7,000 ಸಾವು ಬೇಕು. ಒಬ್ಬನಿಗೆ 10 ಸೆಕೆಂಡು ಹಿಡಿದರೂ 39 ಗಂಟೆ.

ಆ ಹೊತ್ತನ್ನು ಉಳಿಸುವ ದಾರಿ ಆಟದೊಳಗೇ ಇದೆ. ಈ ಗೇಮಿನಲ್ಲಿ ಪ್ರತಿ ಶತ್ರುವಿನ ಹೆಸರಲ್ಲೂ ಒಂದು ಪಟ್ಟಿ ಇದ್ದು, ಅದರಲ್ಲಿ ಪ್ರತಿ ವಸ್ತುವಿಗೂ ಒಂದು ತೂಕ, 'ಏನೂ ಇಲ್ಲ' ಎಂಬುದಕ್ಕೂ ಒಂದು ತೂಕ. ಕವಚಕ್ಕೆ 40, ಏನೂ ಇಲ್ಲಕ್ಕೆ 960 ಎಂದುಕೊಳ್ಳಿ. ಐಟಂ ಡಿಸ್ಕವರಿ ಎಂಬ, ವಸ್ತು ಸಿಗುವ ಸಾಧ್ಯತೆ ಹೆಚ್ಚಿಸುವ ಅಂಕಿ ನೂರಿದ್ದಾಗ ದರ ಶೇ. 4. ಪಾತ್ರದ ಗುಣಗಳಲ್ಲೊಂದಾದ ಆರ್ಕೇನ್ 10 ಇದ್ದು, ಸಿಲ್ವರ್ ಸ್ಕ್ಯಾರಬ್ ತಾಯಿತ ತೊಟ್ಟು ಅದರ 75, 'ಸಿಲ್ವರ್ ಪಿಕಲ್ಡ್ ಫೌಲ್ ಫುಟ್' ಎಂಬ ಉಪ್ಪಿನಕಾಯಿ ಹಾಕಿದ ಕೋಳಿಕಾಲು ತಿಂದು ಅದರ 50 ಸೇರಿಸಿದರೆ ಆ ಅಂಕಿ 235 ಆಗುತ್ತದೆ. ಕವಚದ ತೂಕ 40ರಿಂದ 94ಕ್ಕೆ ಏರುತ್ತದೆ, 960 ಹಾಗೇ ಇರುತ್ತದೆ. 1,054ರಲ್ಲಿ 94, ಅಂದರೆ ಶೇ. 9ಕ್ಕೆ ತುಸು ಕಡಿಮೆ. ಹೀಗೆ ಸಜ್ಜಾಗಿ ಹೋದರೆ 25 ಸೈನಿಕರ ನಂತರವೂ ಬರಿಗೈಯಲ್ಲಿ ಉಳಿಯುವವರು ನೂರಕ್ಕೆ 36 ಅಲ್ಲ, ಸುಮಾರು 10. ಕೋಳಿಕಾಲಿನ ಪರಿಣಾಮ ಮೂರೇ ನಿಮಿಷ ಇರುವುದರಿಂದ ಅದನ್ನು ಸೈನಿಕರು ಗುಂಪಾಗಿರುವ ಕಡೆ ತಲುಪಿದ ಮೇಲೆ ತಿನ್ನಬೇಕು, ದಾರಿಯಲ್ಲಿ ಅಲ್ಲ.