ಡಕೋಟಾ ಅನ್ನುವ ಬೈಗುಳ

ನಮ್ಮ ಹಾಸನದ ಕಡೆ ಗಡಗಡ ಅನ್ನುವ ಹಳೇ ಗಾಡಿ ಕಂಡರೆ ‘ಡಕೋಟಾ’ ಅಂತಾರೆ. ಬಾಗಿಲನ್ನು ಹಗ್ಗದಲ್ಲಿ ಕಟ್ಟಿಕೊಂಡು ತೋಟದಿಂದ ಬರುವ ಜೀಪು ಡಕೋಟಾ. ಶಿರಾಡಿ ಏರಿನಲ್ಲಿ ಉಸ್ಸಪ್ಪಾ ಅಂತ ನಿಂತ ಲಾರಿ ಡಕೋಟಾ. ಹೀಗೆ ಬೈಯುವವರಲ್ಲಿ ಅಸಲಿ ಡಕೋಟಾ ಕಂಡವರು ನೂರಕ್ಕೊಬ್ಬರೂ ಸಿಗಲಿಕ್ಕಿಲ್ಲ. ಕೆಲವು ವರ್ಷದ ಹಿಂದೆ ಯಲಹಂಕದ ಏರ್ ಷೋಗೆ ಹೋಗುವ ತನಕ ನಾನೂ ಕಂಡಿರಲಿಲ್ಲ. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು ಅಂತ ಹೇಳಿಕೊಳ್ಳಲು ನಾಚಿಕೆ.

ಜೊತೆಗೆ ಬಂದಿದ್ದವರು ಬಿ.ಎಂ. ರಸ್ತೆಯ ಹಿಂದಿನ ಗಲ್ಲಿಯಲ್ಲಿ ಬುಲೆಟ್ ರಿಪೇರಿ ಮಾಡುವ ನನ್ನ ಹಳೆಯ ಸ್ನೇಹಿತರು. ಆಕಾಶದಲ್ಲಿ ಜೆಟ್ಟುಗಳು ಕಿವಿ ಹರಿಯುವಂತೆ ಸುತ್ತುತ್ತಿದ್ದರೂ ನಮ್ಮಿಬ್ಬರ ಕಣ್ಣು ಹಗ್ಗದಾಚೆ ನಿಂತಿದ್ದ ಒಂದೇ ವಿಮಾನದ ಮೇಲೆ. ಅದೇ ಅಸಲಿ ಡಕೋಟಾ. ಮೂಗು ಮೇಲೆತ್ತಿ, ಬಾಲ ನೆಲಕ್ಕೂರಿ, ನಾಯಿ ಹಿಂಗಾಲಲ್ಲಿ ಕೂತ ಹಾಗೆ ಕೂತಿತ್ತು. ಮೇಲಂಗಿ ತೊಟ್ಟ ಇಬ್ಬರು ಅದರ ಪಂಖದ ಅಲಗನ್ನು ಕೈಯಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸುತ್ತಿದ್ದರು. ಒಬ್ಬ ತಳ್ಳಿ ಪಕ್ಕಕ್ಕೆ ಸರಿದರೆ ಇನ್ನೊಬ್ಬ ಮುಂದಿನ ಅಲಗಿಗೆ ಕೈ ಹಾಕುತ್ತಿದ್ದ. ಗಡಿಬಿಡಿ ಇಲ್ಲ, ಎಣಿಕೆ ತಪ್ಪುತ್ತಿಲ್ಲ.

ನಮ್ಮ ಹಿಂದೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ ತಂದೆ ಹೇಳಿದರು: “ದೃಷ್ಟಿ ತೆಗೀತಿದಾರೆ ಪುಟ್ಟಾ, ಹಳೇ ವಿಮಾನ ಅಲ್ವಾ.” ಪಕ್ಕದವರು ತಿದ್ದಿದರು: “ದೃಷ್ಟಿನೂ ಇಲ್ಲ ಏನೂ ಇಲ್ಲ, ಬ್ಯಾಟರಿ ಡೌನು. ತಳ್ಳಿ ಸ್ಟಾರ್ಟ್ ಮಾಡ್ತಾರೆ.” ನನಗೆ ಎರಡೂ ತಪ್ಪು ಅನ್ನಿಸಿತು, ಸರಿ ಯಾವುದು ಅಂತ ತಟ್ಟನೆ ಹೊಳೆಯಲಿಲ್ಲ. ಆಗ ನನ್ನ ಸ್ನೇಹಿತರು, ಜೀವಮಾನದಲ್ಲಿ ವಿಮಾನದ ಎಂಜಿನ್ ಮುಟ್ಟದವರು, ಮೆಲ್ಲಗೆ ಹೇಳಿದರು: “ಮೇಷ್ಟ್ರೇ, ಕೆಳಗಿನ ಸಿಲಿಂಡರಿಗೆ ಆಯಿಲ್ ಇಳಿದಿರುತ್ತೆ ನೋಡಿ. ಅದನ್ನ ಹುಡುಕ್ತಿದಾರೆ.”

ನೂರಕ್ಕೆ ನೂರು ಸರಿ. ಅವರಿಗೆ ಇದನ್ನು ಕಲಿಸಿದ್ದು ಸಕಲೇಶಪುರದ ಮಳೆಗಾಲ. ಜೂನ್ ಹಿಡಿಯಿತೆಂದರೆ ಆ ಕಡೆಯ ಹಳೇ ಬುಲೆಟ್‌ಗಳು ಶೆಡ್ಡು ಸೇರುತ್ತವೆ, ಈಚೆ ಬರುವುದು ಸೆಪ್ಟೆಂಬರಿಗೆ. ಹಳೇ ಕಾಲದ ಬುಲೆಟ್‌ನಲ್ಲಿ ಎಣ್ಣೆಗೆ ಪ್ರತ್ಯೇಕ ಗೂಡಿರುತ್ತದೆ. ತಿಂಗಳುಗಟ್ಟಲೆ ನಿಂತಲ್ಲೇ ನಿಂತರೆ ಎಣ್ಣೆ ಪಂಪಿನ ಸಂದಿಯಿಂದ ಜಿನುಗಿ, ಇರಬಾರದ ಜಾಗಕ್ಕೆ ಇಳಿದು ತುಂಬಿಕೊಳ್ಳುತ್ತದೆ. ಅಂಥ ಬೈಕು ಅಂಗಡಿಗೆ ಬಂದರೆ ಇವರು ಕಿಕ್ಕರಿಗೆ ಕಾಲಿಡುವುದಿಲ್ಲ. ಗೋಣಿಚೀಲದ ಮೇಲೆ ಮಂಡಿಯೂರಿ, ಹಳೇ ಡಾಲ್ಡಾ ಡಬ್ಬ ಕೆಳಗಿಟ್ಟು, ತಳದ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ ಕಾಯುತ್ತಾರೆ. ಮೊದಲು ಒಂದು ಹನಿ. ಆಮೇಲೆ ಜೋನಿ ಬೆಲ್ಲದ ಹಾಗೆ ಕಪ್ಪಗೆ, ಎಳೆಯಾಗಿ, ಸದ್ದಿಲ್ಲದೆ ಇಳಿಯುತ್ತದೆ. ಅರ್ಧ ಡಬ್ಬ ತುಂಬಿದ್ದನ್ನು ನಾನೇ ನೋಡಿದ್ದೇನೆ. “ಇದನ್ನ ಒಳಗಿಟ್ಕೊಂಡು ಒದ್ರೆ ಗಾಡಿ ನಮ್ಮನ್ನ ಒದೆಯುತ್ತೆ” ಅನ್ನುವುದು ಅವರ ಮಾತು.

ಈಗ ಡಕೋಟಾಕ್ಕೆ ಬನ್ನಿ. ಪಿಸ್ಟನ್ ಅಂದರೇನು, ನಾಲ್ಕು ಸ್ಟ್ರೋಕ್ ಅಂದರೇನು ಅಂತ ಇಲ್ಲಿ ಹೇಳುತ್ತ ಕೂರುವುದಿಲ್ಲ, ಹೈಸ್ಕೂಲಿನಲ್ಲಿ ಓದಿದ್ದೀರಿ. ಅದರ ಎರಡು ಎಂಜಿನ್‌ಗಳ ಹೆಸರು ಟ್ವಿನ್ ವಾಸ್ಪ್, ಅಂದರೆ ಜೋಡಿ ಕಣಜ. ಭತ್ತ ತುಂಬುವ ಕಣಜವಲ್ಲ, ಕಚ್ಚುವ ಕಣಜ. ಅಮೆರಿಕದ ಪ್ರಾಟ್ ಅಂಡ್ ವಿಟ್ನಿ ಕಂಪನಿಯ ತಯಾರಿಕೆ. ಆರ್-1830 ಅನ್ನುವ ಸಂಖ್ಯೆ ಅದರ ಹೊಟ್ಟೆಯ ಅಳತೆ: 1,830 ಘನ ಇಂಚು, ನಮ್ಮ ಲೆಕ್ಕದಲ್ಲಿ ಸುಮಾರು 30 ಲೀಟರ್. ಅದು 14 ಸಿಲಿಂಡರಿಗೆ ಹಂಚಿಹೋಗಿದೆ, ಒಂದೊಂದಕ್ಕೆ ಎರಡು ಲೀಟರಿಗೂ ಮಿಕ್ಕಿ. ಅಂದರೆ ಡಕೋಟಾದ ಒಂದು ಸಿಲಿಂಡರು ಆರು ಬುಲೆಟ್ಟಿಗೆ ಸಮ. ಸಿಲಿಂಡರುಗಳು ಸೂರ್ಯಕಾಂತಿಯ ಎಸಳಿನಂತೆ ಸುತ್ತಲೂ ನಿಂತಿವೆ, ಮುಂದಿನ ಸಾಲಿನಲ್ಲಿ ಏಳು, ಹಿಂದಿನ ಸಾಲಿನಲ್ಲಿ ಏಳು. ವೃತ್ತ ಅಂದಮೇಲೆ ಕೆಲವು ತಲೆಕೆಳಗಾಗಿ ನೇತಾಡಲೇಬೇಕು. ರಾತ್ರಿಯಿಡೀ ಎಂಜಿನ್ ನಿಂತಾಗ ಮೇಲಿನ ಎಣ್ಣೆಯೆಲ್ಲ ನಿಧಾನಕ್ಕೆ ಇಳಿದು, ಪಿಸ್ಟನ್ ಬಳೆಗಳ ಸಂದಿಯಲ್ಲಿ ನುಸುಳಿ, ಆ ಕೆಳಗಿನವುಗಳಲ್ಲಿ ಶೇಖರವಾಗುತ್ತದೆ.

ಆದರೆ ಏನಂತೆ? ಇಲ್ಲೇ ನನಗೆ ಖುಷಿ ಕೊಡುವ ಲೆಕ್ಕ ಇರುವುದು. ಈ ಎಂಜಿನ್ ಗಾಳಿಯನ್ನು 6.7 ಪಟ್ಟು ಅಮುಕುತ್ತದೆ. ಪಿಸ್ಟನ್ ತನ್ನ ಕೊನೆ ಮುಟ್ಟಿದಾಗ ಉಳಿಯುವ ಜಾಗ ಸುಮಾರು 375 ಮಿಲಿಲೀಟರ್, ಒಂದೂವರೆ ಲೋಟ. ಒಳಗೆ ಸೇರಿದ ಎಣ್ಣೆ ಅದಕ್ಕಿಂತ ಹೆಚ್ಚಿದ್ದರೆ ಪಿಸ್ಟನ್ ಹೋಗುವುದೆಲ್ಲಿಗೆ? ಹೋಳಿಯ ಪಿಚಕಾರಿಯ ಮೂತಿಯನ್ನು ಬೆರಳಲ್ಲಿ ಒತ್ತಿ ಹಿಡಿದು ನೋಡಿ. ಒಳಗೆ ಬರೀ ಗಾಳಿ ಇದ್ದರೆ ಹಿಡಿಕೆ ಮೆತ್ತಗೆ ಒಳಗೆ ಹೋಗಿ ಮತ್ತೆ ಪುಟಿಯುತ್ತದೆ. ನೀರು ತುಂಬಿದ್ದರೆ ಗೋಡೆಗೆ ಕೈ ಒತ್ತಿದ ಹಾಗೆ. ಗಾಳಿ ಹತ್ತಿಯ ಹಾಸಿಗೆ, ಎಣ್ಣೆ ಚಪ್ಪಡಿಕಲ್ಲು. ಹಬ್ಬದ ದಿನದ ಸಿಟಿ ಬಸ್ಸಿನಲ್ಲಿ ಇನ್ನೂ ಹತ್ತು ಜನ ಹತ್ತಬಹುದು, ಗೊಬ್ಬರದ ಮೂಟೆ ತುಂಬಿದ ಲಾರಿಗೆ ಇನ್ನೊಂದು ಮೂಟೆಯೂ ಹಿಡಿಯುವುದಿಲ್ಲ. ಇಂಥ ಸ್ಥಿತಿಯಲ್ಲಿ ಸ್ಟಾರ್ಟರ್ ಒತ್ತಿದರೆ ಕಲ್ಲು ಸೋಲುವುದಿಲ್ಲ, ಪಿಸ್ಟನ್ನಿನ ಸರಳು ಬಾಗುತ್ತದೆ. ಭಯಂಕರ ಏನೆಂದರೆ ಅದು ಆಗಲೇ ಮುರಿಯಬೇಕೆಂದಿಲ್ಲ. ತುಸು ಬಾಗಿಕೊಂಡೇ ಕೆಲಸ ಮಾಡಿ, ಎಷ್ಟೋ ಗಂಟೆಗಳ ನಂತರ ಆಕಾಶದಲ್ಲಿ ಮುರಿಯಬಹುದು.

ಅದಕ್ಕೇ ಕೈಯಲ್ಲಿ ತಿರುಗಿಸುವುದು. ಎಲ್ಲ ಸಿಲಿಂಡರೂ ಒಮ್ಮೆ ಅಮುಕುವ ಸರದಿ ಮುಗಿಸಬೇಕಾದರೆ ಕ್ರ್ಯಾಂಕು, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡ, ಎರಡು ಸುತ್ತು ಬರಬೇಕು. ಪಂಖಕ್ಕೂ ಕ್ರ್ಯಾಂಕಿಗೂ ನಡುವೆ ಹಲ್ಲುಚಕ್ರಗಳಿವೆ, ಕ್ರ್ಯಾಂಕು 16 ಸುತ್ತು ಬಂದರೆ ಪಂಖ 9 ಸುತ್ತು. ಹೀಗಾಗಿ ಪಂಖ ಒಂದು ಸುತ್ತಿಗಿಂತ ತುಸು ಹೆಚ್ಚು ತಿರುಗಿದರೆ ಸಾಕು, ಜಾಗ್ರತೆಯವರು ಇನ್ನೂ ಹಲವು ಅಲಗು ತಳ್ಳುತ್ತಾರೆ. ಅಂಗೈಗೆ ಮೆತ್ತನೆಯ ತಡೆ ಸಿಕ್ಕರೆ ಗಾಳಿ, ಕಲ್ಲಿನಂಥ ತಡೆ ಸಿಕ್ಕರೆ ಎಣ್ಣೆ. ಎಣ್ಣೆಯಾದರೆ ಬಲ ಹಾಕಬಾರದು, ಕೆಳಗಿನ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಬಸಿಯಬೇಕು. ಹಿಂದಕ್ಕೆ ತಿರುಗಿಸಿ ಸಡಿಲ ಮಾಡೋಣ ಅನ್ನುವ ಜಾಣರೂ ಇದ್ದಾರೆ. ಹಾಗೆ ಮಾಡಿದರೆ ಎಣ್ಣೆ ಗಾಳಿ ಬರುವ ಕೊಳವೆಗೆ ಸರಿದು ಅಡಗಿ ಕೂರುತ್ತದೆ, ಸ್ಟಾರ್ಟ್ ಮಾಡಿದ ಕ್ಷಣ ಎಂಜಿನ್ ಅದನ್ನೇ ಹೀರಿಕೊಳ್ಳುತ್ತದೆ. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದ ಹಾಗಾಯಿತು.

ಅಷ್ಟರಲ್ಲಿ ಎಡಗಡೆಯ ಎಂಜಿನ್ ಕೆಮ್ಮಿತು. ಪಂಖ ಎರಡು ಸಲ ತಡವರಿಸಿ, ಬೂದುನೀಲಿ ಹೊಗೆ ಗುಪ್ಪೆಂದು ಎದ್ದು ಅರ್ಧ ವಿಮಾನವನ್ನೇ ಮುಚ್ಚಿತು. “ಬೆಂಕಿ! ಬೆಂಕಿ!” ಅಂತ ಯಾರೋ ಕೂಗಿದರು. ಉಳಿದಿದ್ದ ಎಣ್ಣೆ ಸುಡುತ್ತಿತ್ತು, ಅಷ್ಟೇ. ನನ್ನ ಸ್ನೇಹಿತರು ಮದುವೆ ಮನೆಯಲ್ಲಿ ಗಟ್ಟಿಮೇಳ ಕೇಳಿದವರಂತೆ ಚಪ್ಪಾಳೆ ಹೊಡೆಯುತ್ತಿದ್ದರು.

ಊಟದ ಸಾಲಿನಲ್ಲಿ ಇನ್ನೊಬ್ಬರು ಸಿಕ್ಕರು. ಏಳು ಸಿಲಿಂಡರು ಯಾಕೆ ಗೊತ್ತೇ, ಸೂರ್ಯನ ರಥಕ್ಕೆ ಏಳು ಕುದುರೆ, ವಿದೇಶಿಯರು ನಮ್ಮ ವೈಮಾನಿಕ ಶಾಸ್ತ್ರದಿಂದ ಕದ್ದದ್ದು ಅಂತ ಮೊಬೈಲ್ ತೋರಿಸಿದರು. ನನಗೆ ರೇಗಿತು. ಆ ಗ್ರಂಥ ನಮ್ಮ ಆನೇಕಲ್ಲಿನ ಪಂಡಿತರೊಬ್ಬರು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹೇಳಿ ಬರೆಸಿದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು 1974ರಲ್ಲೇ ಅದನ್ನು ಕೂಲಂಕಷವಾಗಿ ನೋಡಿ, ಅದರಲ್ಲಿರುವ ವಿಮಾನಗಳು ಹಾರುವಂಥವಲ್ಲ ಅಂತ ಬರೆದಿದ್ದಾರೆ. ಐವತ್ತು ವರ್ಷವಾದರೂ ವಾಟ್ಸಾಪಿಗೆ ಸುದ್ದಿ ಮುಟ್ಟಿಲ್ಲ. ಇಷ್ಟಕ್ಕೂ ಏಳರಲ್ಲಿ ಮಹಿಮೆ ಏನಿಲ್ಲ. ನಮ್ಮ ವಾಯುಪಡೆಯವರು ಒಂದು ಕಾಲದಲ್ಲಿ ಹಾರಾಟ ಕಲಿತ ಹಾರ್ವರ್ಡ್ ವಿಮಾನದ ಎಂಜಿನ್ನಿಗೆ ಒಂಬತ್ತು, ಪುಟ್ಟ ಎಂಜಿನ್‌ಗಳಿಗೆ ಐದು. ಬೇಕಾದ್ದು ಬೆಸ ಸಂಖ್ಯೆ.

ಯಾಕೆ ಬೆಸ? ಪಂಕ್ತಿ ಊಟ ನೆನೆಯಿರಿ. ಏಳು ಜನ ದುಂಡಗೆ ಕೂತಿದ್ದಾರೆ, ಸಾರು ಬಡಿಸುವವನು ಒಂದೆಲೆ ಬಿಟ್ಟು ಒಂದೆಲೆಗೆ ಹಾಕುತ್ತ ಹೋಗುತ್ತಾನೆ. ಒಂದು, ಮೂರು, ಐದು, ಏಳು. ಮುಂದೆ ಒಂದನ್ನು ಬಿಟ್ಟರೆ ಸಿಗುವುದು ಎರಡು, ಆಮೇಲೆ ನಾಲ್ಕು, ಆರು. ಎರಡು ಸುತ್ತಿಗೆ ಎಲ್ಲರಿಗೂ ಸಾರು, ಒಂದೇ ಲಯ, ಎಲ್ಲೂ ಎಡವುವಂತಿಲ್ಲ. ಎಂಟು ಜನ ಕೂರಿಸಿ ನೋಡಿ: ಒಂದು, ಮೂರು, ಐದು, ಏಳು, ಮತ್ತೆ ಒಂದು! ಉಳಿದ ನಾಲ್ವರು ಬರೀ ಅನ್ನ ಕಲಸಿಕೊಂಡು ಕೂರಬೇಕು. ಅವರಿಗೂ ಹಾಕಲು ಹೋದರೆ ಬಡಿಸುವವನ ಹೆಜ್ಜೆ ತಪ್ಪುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೂ ಕಿಡಿ ಸಿಗುವುದು ಎರಡು ಸುತ್ತಿಗೊಮ್ಮೆ, ಆದ್ದರಿಂದ ಒಂದು ಸಾಲಿಗೆ ಬೆಸವೇ ಬೇಕು. ಏಳೇಳರ ಎರಡು ಸಾಲು ಸೇರಿ 14 ಆಗುವುದು ಬೇರೆ ಮಾತು.

ಇನ್ನು ಏಳು ಪಿಸ್ಟನ್ ಒಂದೇ ಕ್ರ್ಯಾಂಕನ್ನು ಹೇಗೆ ತಿರುಗಿಸುತ್ತವೆ? ಕಣದಲ್ಲಿ ಮೇಟಿಗೆ ಕಟ್ಟಿದ ಎತ್ತುಗಳನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಎಲ್ಲ ಎತ್ತಿನ ಹಗ್ಗವನ್ನೂ ಮೇಟಿಗೇ ಸುತ್ತಿದರೆ ಗೋಜಲು. ಒಂದನ್ನು ಮೇಟಿಗೆ ಕಟ್ಟಿ ಮಿಕ್ಕವನ್ನು ಅದರ ಕೊರಳಿಗೆ ಸೇರಿಸುತ್ತಾರೆ. ಇಲ್ಲೂ ಒಂದೇ ಯಜಮಾನ ಸರಳು ಕ್ರ್ಯಾಂಕಿಗೆ ಕೂರುತ್ತದೆ, ಮಿಕ್ಕ ಆರು ಅದರ ಅಂಚಿಗೆ ಕೀಲುಗೊಂಡಿರುತ್ತವೆ.

ಇದಕ್ಕೂ ಹಿಂದೆ, ಮೊದಲ ಮಹಾಯುದ್ಧದ ವಿಮಾನಗಳಲ್ಲಿ, ಇನ್ನೂ ವಿಚಿತ್ರ ಏರ್ಪಾಡಿತ್ತು. ಕ್ರ್ಯಾಂಕನ್ನು ವಿಮಾನಕ್ಕೆ ಬಿಗಿದು ಎಂಜಿನ್ನನ್ನೇ ಪಂಖದ ಜೊತೆ ಗಿರಗಿರ ತಿರುಗಿಸುತ್ತಿದ್ದರು! ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗದ ಎಣ್ಣೆ ಅದಕ್ಕೆ ಬೇಕಿತ್ತು. ಸಿಕ್ಕಿದ್ದು ನಮ್ಮ ಹರಳೆಣ್ಣೆ. ಸುಟ್ಟೂ ಸುಡದ ಹರಳೆಣ್ಣೆಯ ತುಂತುರು ಪೈಲಟ್ಟಿನ ಮುಖಕ್ಕೆ ರಾಚುತ್ತಿತ್ತು. ಉಸಿರಲ್ಲಿ, ಬಾಯಲ್ಲಿ ಒಳಗೆ ಹೋದದ್ದರ ಫಲ ಏನೆಂದು ಅಜ್ಜಿಯ ಕೈಯಲ್ಲಿ ಹರಳೆಣ್ಣೆ ಕುಡಿದವರಿಗೆ ಗೊತ್ತು. ಅಂಥ ಸಾಪ್‌ವಿತ್ ಕ್ಯಾಮಲ್ ವಿಮಾನದಲ್ಲಿ 1917ರಲ್ಲಿ ಕಾದಾಡಿದ ಹರ್ದಿತ್ ಸಿಂಗ್ ಮಲಿಕ್ ಮುಂದೆ ಫ್ರಾನ್ಸಿಗೆ ನಮ್ಮ ರಾಯಭಾರಿಯಾದರು.

ಟ್ವಿನ್ ವಾಸ್ಪ್‌ಗೂ ನಮ್ಮ ರಾಜ್ಯಕ್ಕೂ ನಂಟು ಹಳೆಯದು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಕಟ್ಟಿದ ಎಚ್‌ಎಎಲ್, ಯುದ್ಧದ ಕಾಲಕ್ಕೆ ಅಮೆರಿಕದ ವಿಮಾನಗಳ ದೊಡ್ಡ ಗ್ಯಾರೇಜಾಯಿತು. ಯುದ್ಧ ಮುಗಿದಾಗ ಕಾನ್ಪುರದಲ್ಲಿ ಲಿಬರೇಟರ್ ಬಾಂಬರುಗಳನ್ನು ಇನ್ಯಾರೂ ಬಳಸದಂತೆ ಬೇಕೆಂದೇ ಕೆಡಿಸಿ ಬಿಟ್ಟುಹೋಗಿದ್ದರು. ಒಂದೊಂದಕ್ಕೆ ನಾಲ್ಕು ಟ್ವಿನ್ ವಾಸ್ಪ್. ಆ ಗುಜರಿಯನ್ನು ಅಲ್ಲಲ್ಲಿ ತೇಪೆ ಹಾಕಿ, 1948ರಲ್ಲಿ ಎಚ್‌ಎಎಲ್‌ನ ಪೈಲಟ್ ಜಮ್‌ಶೆಡ್ ಮುನ್ಷಿ ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಒಂದೆರಡಲ್ಲ, ನಲವತ್ತರ ಹತ್ತಿರ. ಇಲ್ಲಿ ಸಜ್ಜಾದ ಅವು ವಾಯುಪಡೆಯಲ್ಲಿ 1968ರವರೆಗೂ ದುಡಿದವು.

ಡಕೋಟಾದ ಕತೆಯೂ ಕಡಿಮೆಯದಲ್ಲ. 1947ರ ಅಕ್ಟೋಬರ್ 27ರಂದು ನಮ್ಮ ಸೈನಿಕರ ಮೊದಲ ತಂಡವನ್ನು ಶ್ರೀನಗರಕ್ಕೆ ಇಳಿಸಿದ್ದು ಇದೇ. ಮರುವರ್ಷ ಮೇ 24ರಂದು ಮೆಹರ್ ಸಿಂಗ್ ಇದನ್ನು ಲೇಹ್‌ನ ಮರಳುಪಟ್ಟಿಯ ಮೇಲೆ ಇಳಿಸಿದಾಗ ಒಳಗೆ ಕೂತಿದ್ದವರು ಕೊಡಗಿನ ತಿಮ್ಮಯ್ಯ. ಆ ನೆಲ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸಾವಿರ ಮೀಟರಿಗೂ ಹೆಚ್ಚು ಎತ್ತರ. ದಾರಿಯ ಶಿಖರಗಳು ಅದಕ್ಕೂ ಎತ್ತರ, ಒಳಗೆ ಒತ್ತಡ ಕಾಪಾಡುವ ಏರ್ಪಾಡಿಲ್ಲ. ಯಲಹಂಕದಲ್ಲಿ ನಾವು ಕಂಡದ್ದೂ ಒಮ್ಮೆ ಗುಜರಿ ಸೇರಿದ್ದ ವಿಮಾನವೇ. ಅದನ್ನು ಇಂಗ್ಲೆಂಡಿನಲ್ಲಿ ಸರಿಪಡಿಸಿ, 2018ರಲ್ಲಿ ಅಲ್ಲಿಂದ ಹಾರಿಸಿಕೊಂಡೇ ಭಾರತಕ್ಕೆ ತಂದಿದ್ದರು.

ಊರಿಗೆ ಬಂದು ವಾರವಾಗಿರಬೇಕು, ಅಂಗಡಿಯಲ್ಲಿ ಟೀ ಕುಡಿಯುತ್ತ ಕೂತಿದ್ದೆ. ಆಲೂರು ಕಡೆಯ ಹುಡುಗನೊಬ್ಬ ಅಪ್ಪನ ಕಾಲದ ಬುಲೆಟ್ಟನ್ನು ಗೂಡ್ಸ್ ಆಟೋದಿಂದ ಇಳಿಸಿದ.

“ಅಣ್ಣಾ, ಈ ಡಕೋಟಾ ಸ್ಟಾರ್ಟೇ ಆಗ್ತಿಲ್ಲ. ಒದ್ದೂ ಒದ್ದೂ ಸಾಕಾಯ್ತು.”

“ಡಕೋಟಾ ಅಂದ್ಯಾ?” ಅಂದರು ನನ್ನ ಸ್ನೇಹಿತರು, ಲೋಟ ಕೆಳಗಿಟ್ಟು. “ಹಂಗಾದ್ರೆ ಆಗುತ್ತೆ ಬಿಡು.” ಗೋಣಿಚೀಲ ಹಾಸಿ, ಡಾಲ್ಡಾ ಡಬ್ಬವನ್ನು ಕಾಲಲ್ಲಿ ಎಳೆದುಕೊಂಡು, ಮಂಡಿಯೂರಿದರು.